ಒಂದು ಹೆಣ್ಣು ಕುದುರೆಯ ಕಥೆ

ಓದುಗರ ಪತ್ರ: ಮಗಳು ಕ್ಯಾಲಿಫೋರ್ನಿಯಾದಲ್ಲಿ ಕಂಪ್ಯೂಟರ್ ಓದುತ್ತಿದ್ದಾಳೆ. ಈ ಸಲ ಚಿಕಾನೊ ಅಧ್ಯಯನ ಅಂತ ಒಂದು ವಿಷಯ ತಗೊಂಡಿದ್ದಾಳೆ. ಮೆಕ್ಸಿಕೊದಿಂದ ವಲಸೆ ಬಂದವರ ಹಾಡು, ಗಡಿ, ಭಾಷೆ ಅಂತ ಏನೇನೋ. ಸಾಲ ಮಾಡಿ ಕಳಿಸಿದ್ದು ಇದಕ್ಕಾ? ಅವಳಿಗೆ ಕನ್ನಡ ಓದಲು ಬರಲ್ಲ, ನಿಮ್ಮ ಉತ್ತರ ನಾನೇ ಓದಿ ಹೇಳ್ತೇನೆ. — ಧಾರವಾಡದ ಓದುಗರು

ಸಂಪಾದಕರ ಉತ್ತರ: ಸಾಲದ ಕಂತು ಕಟ್ಟುವವರು ನೀವು. ಆ ಚಿಂತೆ ಖರೆ, ಒಪ್ಪಿದೆ.

ಆದರೆ 'ವಲಸೆ ಬಂದವರು' ಅಂದಿರಲ್ಲ, ನನ್ನ ತಕರಾರು ಅಲ್ಲೇ. 1848ರಲ್ಲಿ ಯುದ್ಧ ಸೋತ ಮೆಕ್ಸಿಕೊ ಕ್ಯಾಲಿಫೋರ್ನಿಯಾ ಸೇರಿ ದೊಡ್ಡ ಸೀಮೆಯನ್ನೇ ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಸಾವಿರಾರು ಜನ ಮನೆಯಲ್ಲೇ ಕೂತು ಬೇರೆ ದೇಶದವರಾದರು. 'ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು' ಎನ್ನುತ್ತಾರೆ ಚಿಕಾನೊಗಳು, ಅಂದರೆ ಮೆಕ್ಸಿಕೊ ಮೂಲದ ಅಮೆರಿಕನ್ನರು. ಆಮೇಲೆ ದುಡಿಯಲು ಬಂದವರೂ ಬೇಕಾದಷ್ಟಿದ್ದಾರೆ, ಇಲ್ಲ ಅನ್ನಲ್ಲ. ಆದರೂ ಈ ಮಾತು ಕಾಸರಗೋಡಿನ ಹಿರಿಯರ ಮುಂದೆ ಆಡಿ ನೋಡಿ, ಅರ್ಥ ಹೇಳಬೇಕಾಗಿಲ್ಲ.

ಇನ್ನು ಹಾಡು. 1901ರಲ್ಲಿ ಟೆಕ್ಸಸ್‌ನ ಒಬ್ಬ ಶೆರಿಫ್, ಅಂದರೆ ಪೊಲೀಸ್ ಅಧಿಕಾರಿ, ಕುದುರೆ ಕಳ್ಳನನ್ನು ಹುಡುಕುತ್ತಾ ಗ್ರೆಗೊರಿಯೊ ಕೊರ್ತೆಸ್ ಎಂಬ ರೈತನ ಮನೆಗೆ ಬಂದ. ಜೊತೆಗೆ ಅರೆಬರೆ ಸ್ಪ್ಯಾನಿಷ್ ಬಲ್ಲ ದುಭಾಷಿ. ಕುದುರೆ ವಿನಿಮಯ ಮಾಡಿಕೊಂಡೆಯಾ ಎಂದರೆ ಇಲ್ಲ ಎಂದ ಕೊರ್ತೆಸ್. ಅವನು ಪಡೆದದ್ದು ಹೆಣ್ಣು ಕುದುರೆ, ಯೆಗ್ವಾ. ಇವರು ಕೇಳಿದ್ದು ಗಂಡು ಕುದುರೆಯ ಹೆಸರು, ಕಬಾಯೊ. ಎತ್ತು ಕೊಂಡೆಯಾ ಅಂತ ಕೇಳಿದರೆ ಹಸು ಕೊಂಡವನು ಇಲ್ಲ ಅನ್ನದೆ ಏನನ್ನಬೇಕು? ಸುಳ್ಳು ಹೇಳುತ್ತಿದ್ದಾನೆ ಅಂತ ಹಿಡಿಯಹೋದರು, ಗುಂಡು ಹಾರಿತು, ಕೊರ್ತೆಸ್‌ನ ಸಹೋದರನಿಗೆ ಏಟು ಬಿತ್ತು, ಶೆರಿಫ್ ಸತ್ತ. ಕೊರ್ತೆಸ್ ಹತ್ತು ದಿನ ಓಡಿದ, ನೂರಾರು ಜನ ಬೆನ್ನಟ್ಟಿದರು. ಜೈಲು ಸೇರಿದ ಅವನಿಗೆ ಗವರ್ನರ್ ಕ್ಷಮೆ ಸಿಕ್ಕಿದ್ದು 1913ರಲ್ಲಿ. ಪತ್ರಿಕೆಗಳು ಕೊಲೆಗಾರ ಅಂದವು, ಗಡಿಯ ಜನ ಹಾಡು ಕಟ್ಟಿದರು. ಆ ಹಾಡುಗಳ ಬೆನ್ನುಹತ್ತಿ ಗಡಿಯೂರಿನವರೇ ಆದ ಅಮೆರಿಕೊ ಪರೇದೆಸ್ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದರು, 1958ರಲ್ಲಿ ಪುಸ್ತಕ ಬಂತು. ಸುಮ್ನೆ ಜಾನಪದ ಅಲ್ಲ ಸ್ವಾಮಿ, ಪತ್ರಿಕೆಗಳು ಕೊಲೆಗಾರ ಅಂದವನನ್ನು ಹಾಡು ಬೇರೆಯಾಗಿಯೇ ನೆನಪಿಟ್ಟಿತ್ತು.

ಚಿಕಾನೊ ಅಧ್ಯಯನಕ್ಕೆ ಅಂತ ಒಂದು ವಿಭಾಗ ಬೇಕಾ ಅನ್ನೋದನ್ನು ಅಲ್ಲಿನ ಹುಡುಗರೇ ಹೇಳಿದ್ದಾರೆ. 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲು ಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ತರಗತಿ ಬಿಟ್ಟು ಹೊರಬಂದರು. ನಮ್ಮ ಚರಿತ್ರೆ ಕಲಿಸಿ, ಸ್ಪ್ಯಾನಿಷ್ ಮಾತಾಡಿದರೆ ಹೊಡೆಯಬೇಡಿ ಅಂತ. 1993ರಲ್ಲಿ ಅದೇ ಊರಿನ ವಿಶ್ವವಿದ್ಯಾಲಯ ಯುಸಿಎಲ್‌ಎಯಲ್ಲಿ ವಿದ್ಯಾರ್ಥಿಗಳು ಇದೇ ಅಧ್ಯಯನಕ್ಕಾಗಿ ಹದಿನಾಲ್ಕು ದಿನ ಉಪವಾಸ ಕೂತರು. ನಮ್ಮಲ್ಲಿ ಕನ್ನಡ ಎಂ.ಎ. ಮಾಡ್ತೀನಿ ಅಂದರೆ ಮನೆಯವರೇ ಉಪವಾಸ ಕೂರುತ್ತಾರೆ!

ನಾನು ಓದಿದ ಶಾಲೆಯಲ್ಲೂ ಕನ್ನಡ ಮಾತಾಡಿದರೆ ದಂಡ. ಕಟ್ಟಿ ಕಟ್ಟಿ ನನ್ನ ತಿಂಡಿ ಕಾಸೆಲ್ಲ ಹೋಯಿತು. ಆಗ ಯಾವ ಅಪ್ಪಅಮ್ಮನೂ ಕೇಳಲಿಲ್ಲ, ಈಗಲೂ ಕೇಳಲ್ಲ, ಫೀಸು ಜಾಸ್ತಿಯಾದಾಗ ಮಾತ್ರ ಗೇಟಿನ ಮುಂದೆ ಸೇರುತ್ತಾರೆ. ನಿಮ್ಮನ್ನೇ ಅಂದೆ ಅಂದುಕೊಳ್ಳಬೇಡಿ. ಆದರೆ ನಿಮ್ಮ ಪತ್ರದ ಕೊನೆಯ ಸಾಲನ್ನು ನೀವೇ ಒಮ್ಮೆ ಓದಿಕೊಳ್ಳಿ.

ಮಗಳಿಗೆ ಇದನ್ನು ಇಂಗ್ಲಿಷಿಗೆ ತಿರುಗಿಸಿಯೇ ಹೇಳುತ್ತೀರಿ, ಅಲ್ವಾ? ಕುದುರೆ ಬರುವ ಜಾಗದಲ್ಲಿ ಸ್ವಲ್ಪ ನಿಧಾನ.