ಬರ್ಗೆನ್‌ಗೆ ಶಿಫ್ಟ್ ಆಗ್ತಿದ್ದೇವೆ. ನಾರ್ವೆಯವರು ಕೊಡುವ ಚಕ್ಕೆ ಬನ್ ನಯವಾಗಿ ಬೇಡ ಅಂದರೆ ತಪ್ಪಾಗುತ್ತಾ?

ನೀವು ಮೊಟ್ಟೆ ತಿನ್ನುವುದಿಲ್ಲ, ಸಕ್ಕರೆ ಕಡಿಮೆ ಮಾಡಿದ್ದೀರಿ ಅಂತ ಬರೆದಿದ್ದೀರಿ. ದಿನಾ ತಿನ್ನಬೇಕಾಗುತ್ತದೆ, ಒಂದು ಬನ್ನಿಗೆ 45 ಕ್ರೋನರ್ ಅಂದರೆ 350 ರೂಪಾಯಿಗೂ ಜಾಸ್ತಿ ಅಂತ ಲೆಕ್ಕವನ್ನೂ ಹಾಕಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ. ನಾನೂ ನಯವಾಗಿಯೇ ಬೇಡ ಅಂದೆ. ಅದರ ಬೆಲೆ ತೆತ್ತವಳು ನನ್ನ ಮಗಳು.

ನಾವೂ ನಿಮ್ಮ ಹಾಗೆ ಆಗಸ್ಟಿನಲ್ಲೇ ಬಂದೆವು. ಗಂಡನಿಗೆ ಹಡಗಿನ ಉಪಕರಣ ಮಾಡುವ ಕಂಪನಿಯಲ್ಲಿ ಕೆಲಸ, ಮಗಳು ಒಂದನೇ ಕ್ಲಾಸು, ನಾನು ಮನೆಯಲ್ಲಿ. ಬರ್ಗೆನ್‌ನಲ್ಲಿ ವರ್ಷಕ್ಕೆ 2,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ನಾನು ಶಿವಮೊಗ್ಗದ ಸಾಗರದ ಕಡೆಯವಳು, ಮಳೆ ನನಗೆ ಹೊಸದಲ್ಲ. ಆದರೆ ಮೆಟ್ಟಿಲ ಮೇಲೆ ಎದುರು ಸಿಕ್ಕವರು ಒಂದು 'ಹೈ' ಅಂದು ಮುಂದೆ ಹೋಗಿಬಿಡುತ್ತಿದ್ದರು. ಯಾರ ಜೊತೆ ಹೇಗೆ ಮಾತು ಶುರು ಮಾಡಬೇಕು ಅಂತ ಗೊತ್ತಾಗುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಮೆಟ್ಟಿಲ ಬಳಿ ಒಂದು ಚೀಟಿ ಅಂಟಿಸಿದರು. ಶನಿವಾರ ಡುಗ್ನಾಡ್, ಅಂದರೆ ಎಲ್ಲರೂ ಸೇರಿ ಮಾಡುವ ಶ್ರಮದಾನ, ಎಲ್ಲ ಮನೆಯವರೂ ಬರಬೇಕು ಅಂತ. ಇಲ್ಲಿ ತುಂಬ ಅಪಾರ್ಟ್‌ಮೆಂಟುಗಳು ನಿವಾಸಿಗಳೇ ಸೇರಿ ನಡೆಸುವ ಸೊಸೈಟಿಗಳು. ವಸಂತದಲ್ಲೊಮ್ಮೆ, ಚಳಿಗಾಲ ಶುರುವಾಗುವ ಮುಂಚೆ ಒಮ್ಮೆ ಎಲ್ಲರೂ ಸೇರಿ ಅಂಗಳದ ಎಲೆ ಗುಡಿಸುತ್ತಾರೆ, ಬೇಲಿಗೆ ಬಣ್ಣ ಬಳಿಯುತ್ತಾರೆ, ನೆಲಮಾಳಿಗೆಯ ಹಳೇ ಸಾಮಾನು ಖಾಲಿ ಮಾಡುತ್ತಾರೆ. ಯಾರಿಗೂ ಕೂಲಿ ಇಲ್ಲ. ಕೊನೆಯಲ್ಲಿ ಒಂದು ಮೇಜು ಹಾಕಿ, ಥರ್ಮಾಸ್‌ನಲ್ಲಿ ಕಾಫಿ ಇಟ್ಟು, ಯಾರಾದರೂ ಮನೆಯಲ್ಲಿ ಬೇಯಿಸಿದ ಬನ್ ಇಡುತ್ತಾರೆ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕೆಲಸವನ್ನಂತೂ ನಾನು ಚೆನ್ನಾಗಿಯೇ ಮಾಡಿದೆ. ಒದ್ದೆ ಎಲೆ ಗೋರಿ ಗೋರಿ ಕೈ ನೋವು ಬಂದಿತ್ತು. ಮೇಜು ಹಾಕುತ್ತಿದ್ದಂತೆ ಕೆಳಗಿನ ಮನೆಯ ಹಿರಿಯ ಹೆಂಗಸು ದೊಡ್ಡ ತಟ್ಟೆ ತಂದು ಮೇಲಿನ ಬಟ್ಟೆ ಸರಿಸಿದರು. ಚಕ್ಕೆಗಿಂತ ಮೊದಲು ಮೂಗಿಗೆ ಬಡಿದದ್ದು ಏಲಕ್ಕಿ ವಾಸನೆ. ತಟ್ಟೆಯನ್ನು ನೇರ ನನ್ನ ಮುಂದೆಯೇ ಹಿಡಿದರು. ಮೇಲೆ ಹೊಳೆಯುತ್ತಿದ್ದ ಬಣ್ಣ ನೋಡಿಯೇ ಮೊಟ್ಟೆ ಹಚ್ಚಿದ್ದಾರೆ ಅಂತ ಗೊತ್ತಾಯಿತು. ನಗುತ್ತಾ 'ನೈ, ತಕ್' ಅಂದೆ. ಬೇಡ, ಥ್ಯಾಂಕ್ಸ್ ಅಂತ. ಕುಂಟೆಯನ್ನು ಗೋಡೆಗೆ ಒರಗಿಸಿ, ಮಗಳ ಕೈ ಹಿಡಿದು ಮೇಲೆ ಹೋದೆ.

ಅಷ್ಟೇ. ಜಗಳ ಇಲ್ಲ, ಬೇಸರದ ಮಾತಿಲ್ಲ. ಆದರೆ ಆ ಒಂದು ನಿಮಿಷದಲ್ಲಿ ನಾನು ಮೂರು ಕಡೆ ತಪ್ಪಿದೆ.

ಒಂದು, ಕಾರಣ ಹೇಳಲಿಲ್ಲ. ಅಷ್ಟು ಜನರ ಮುಂದೆ ಮೊಟ್ಟೆ ವಿಷಯ ಎತ್ತಿ ಮಾಡಿದವರಿಗೆ ಮುಜುಗರ ಯಾಕೆ ಅಂದುಕೊಂಡೆ. ಎರಡನೆಯದು, ನಮ್ಮ ಊರಿನ ಅಭ್ಯಾಸ. ನಮ್ಮಲ್ಲಿ ಮೊದಲನೇ 'ಬೇಡ'ಕ್ಕೆ ಬೆಲೆಯೇ ಇಲ್ಲ. ಬೇಡ ಅಂದರೆ 'ಅಯ್ಯೋ, ಸ್ವಲ್ಪ ತಗೊಳ್ಳಿ' ಅಂತಾರೆ. ಮತ್ತೆ ಬೇಡ ಅಂದರೆ 'ಒಂದಾದ್ರೂ ತಿನ್ನಿ' ಅಂತಾರೆ. ಈ ಒತ್ತಾಯದ ನಡುವೆಯೇ ಕಾರಣ ಹೊರಗೆ ಬರುತ್ತದೆ, ಮಾತು ಬೆಳೆಯುತ್ತದೆ. ನಾರ್ವೆಯಲ್ಲಿ ಬೇಡ ಅಂದರೆ ಬೇಡ. ಇನ್ನೊಂದು ಸಲ ಕೇಳುವುದೇ ತೊಂದರೆ ಕೊಟ್ಟ ಹಾಗೆ ಅಂತ ಅವರು ತಿಳಿಯುತ್ತಾರೆ. ಅವರು ಸುಮ್ಮನಾಗಿದ್ದು ನನಗೆ ಮರ್ಯಾದೆ ಕೊಡಲಿಕ್ಕೆ. ಅದನ್ನು ನಾನು ತಣ್ಣಗಿನ ಸ್ವಭಾವ ಅಂದುಕೊಂಡೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಎಲೆ ಗುಡಿಸುವುದೇ ಮುಖ್ಯ, ಕಾಫಿ ಬನ್ ಎಲ್ಲ ಕೊನೆಯ ಉಪಚಾರ ಅಂದುಕೊಂಡೆ. ಇದ್ದದ್ದು ಉಲ್ಟಾ. ವರ್ಷದಲ್ಲಿ ಎರಡು ಸಲ ಎಲ್ಲರೂ ಒಂದು ಮೇಜಿನ ಸುತ್ತ ನಿಲ್ಲುವುದು ಆಗ ಮಾತ್ರ. ಯಾರ ಮಗುವಿಗೆ ಎಷ್ಟು ವಯಸ್ಸು, ಯಾರು ಕೆಲಸ ಬಿಟ್ಟರು, ಯಾರ ಮನೆಯಲ್ಲಿ ಹಳೇ ಸ್ಕೀ ಇದೆ, ಎಲ್ಲ ಅಲ್ಲೇ ಗೊತ್ತಾಗುವುದು.

ಅವತ್ತು ಆ ಮೇಜಿನ ಹತ್ತಿರವೇ ನಮ್ಮ ಕಟ್ಟಡದ ಸಣ್ಣ ಮಕ್ಕಳ ಅಪ್ಪ ಅಮ್ಮಂದಿರು ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಶನಿವಾರ ಸರದಿಯ ಮೇಲೆ ಒಬ್ಬೊಬ್ಬರು ಎಲ್ಲ ಮಕ್ಕಳನ್ನೂ ಕಾರಿನಲ್ಲಿ ಈಜುಕೊಳಕ್ಕೆ ಕರೆದುಕೊಂಡು ಹೋಗುವುದು, ಆಮೇಲೆ ಯಾರದಾದರೂ ಮನೆಯಲ್ಲಿ ಆಟ. ನಾವು ಅಷ್ಟು ಹೊತ್ತಿಗೆ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಂಡಿದ್ದೆವು. ಚಳಿಗಾಲ ಪೂರ್ತಿ ಮಗಳು ಶನಿವಾರ ಬೆಳಗ್ಗೆ ಕಿಟಕಿಯಲ್ಲಿ ನಿಂತು, ಪಕ್ಕದ ಬಾಗಿಲಿನ ಮಕ್ಕಳು ಟವೆಲ್ ಚೀಲ ಹಿಡಿದು ಕಾರು ಹತ್ತುವುದನ್ನು ನೋಡುತ್ತಿದ್ದಳು. ಒಂದೇ ಮನೆಯವರಿರಬೇಕು ಅಂತ ನಾನು ಅವಳಿಗೆ ಸಮಾಧಾನ ಹೇಳುತ್ತಿದ್ದೆ. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ಆರು ವರ್ಷದ ಮಗುವಿಗೆ ಜೊತೆ ಇಲ್ಲದೆ ಆ ಕತ್ತಲು ಬಹಳ ಉದ್ದ.

ಇದನ್ನು ಬಿಡಿಸಿದವಳೂ ಅವಳೇ. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಆ ಹಿರಿಯ ಹೆಂಗಸು ಸಿಕ್ಕಾಗ, ಅಷ್ಟರಲ್ಲಿ ಕಲಿತಿದ್ದ ನಾರ್ವೇಜಿಯನ್‌ನಲ್ಲಿ ನೇರವಾಗಿ ಕೇಳಿಬಿಟ್ಟಳು, ನನ್ನನ್ನು ಯಾಕೆ ಈಜಲಿಕ್ಕೆ ಕರೆಯುವುದಿಲ್ಲ ಅಂತ. ಅವರು ನನ್ನ ಮುಖ ನೋಡಿದರು. ನಿಮಗೆ ನಿಮ್ಮಷ್ಟಕ್ಕೆ ಇರುವುದು ಇಷ್ಟ ಅಂದುಕೊಂಡಿದ್ದೆವು, ತೊಂದರೆ ಕೊಡಬಾರದು ಅಂತ ಸುಮ್ಮನಿದ್ದೆವು ಅಂದರು. ಆಗ ಮೊಟ್ಟೆ ವಿಷಯ ಹೇಳಿದೆ. ಅವರಿಗೆ ನಿಜಕ್ಕೂ ಸಂಕಟವಾಯಿತು. ಹಿಟ್ಟಿನೊಳಗೆ ಮೊಟ್ಟೆಯೇ ಇರಲಿಲ್ಲ, ಮೇಲೆ ಹೊಳಪಿಗೆ ಹಚ್ಚಿದ್ದು ಮಾತ್ರ, ಹಾಲು ಹಚ್ಚಿದರೂ ಆಗುತ್ತಿತ್ತಲ್ಲ ಅಂದರು. ಶನಿವಾರ ಮನೆಗೆ ಬನ್ನಿ ಅಂತ ಕರೆದರು.

ಅವರ ಅಡುಗೆಮನೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬರುತ್ತದೆ. ಅರ್ಧ ಲೀಟರ್ ಹಾಲಿಗೆ 150 ಗ್ರಾಂ ಬೆಣ್ಣೆ ಕರಗಿಸಿ, ಕಿರುಬೆರಳು ಅದ್ದಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸುವವರೆಗೆ ಕಾದರು. ಅದಕ್ಕೆ 50 ಗ್ರಾಂನ ತಾಜಾ ಯೀಸ್ಟ್ ಗಟ್ಟಿಯನ್ನು ಪುಡಿ ಮಾಡಿ ಹಾಕಿದರು. ಇಲ್ಲಿನ ಅಂಗಡಿಯಲ್ಲಿ ಅದು ಹಾಲು ಬೆಣ್ಣೆ ಇರುವ ಕಡೆಯೇ ಸಿಗುತ್ತದೆ. ಸಕ್ಕರೆ, ಏಲಕ್ಕಿ, ಮೈದಾ ಸೇರಿಸಿ ನಾದಿ, ಮೇಲೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಟ್ಟರು. ಆ ಒಂದು ಗಂಟೆಯಲ್ಲಿ ಅವರು ಇಡೀ ಕಟ್ಟಡದ ಕಥೆ ಹೇಳಿದರು. ಹಿಟ್ಟು ಉಬ್ಬಿದ ಮೇಲೆ ದೊಡ್ಡದಾಗಿ ಲಟ್ಟಿಸಿ, ಮೆತ್ತಗಿನ ಬೆಣ್ಣೆಯನ್ನು ಅಂಚಿನವರೆಗೂ ಸವರಿ, ಸಕ್ಕರೆ ಮತ್ತು ಚಕ್ಕೆ ಪುಡಿ ಉದುರಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿದರು. ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಅಂಗೈಯಲ್ಲಿ ಒತ್ತಿ ಅಗಲ ಮಾಡಿ, ಹಾಲು ಹಚ್ಚಿ, ಮೇಲೆ ಸಕ್ಕರೆ ಚಿಮುಕಿಸಿದರು. ಇನ್ನೊಂದು ಅರ್ಧ ಗಂಟೆ ಬಿಟ್ಟು, 225 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಬಿಸಿ ಇರುವಾಗಲೇ ಒಂದೊಂದು ತಿಂದು, ಉಳಿದದ್ದು ತಣ್ಣಗಾಗುತ್ತಲೇ ಫ್ರೀಜರ್‌ಗೆ ಹೋಯಿತು. ಮರುದಿನಕ್ಕೆ ಇದು ಗಟ್ಟಿಯಾಗುತ್ತದೆ, ಅದಕ್ಕೆ ಇಲ್ಲಿಯವರು ಒಟ್ಟಿಗೆ ಮಾಡಿ ಫ್ರೀಜ್ ಮಾಡಿಡುತ್ತಾರೆ.

ಒತ್ತಿ ಅಗಲ ಮಾಡಿದ ಈ ಬನ್ ಬರ್ಗೆನ್‌ನವರ ಹೆಮ್ಮೆ. ಓಸ್ಲೋದಲ್ಲಿ ಕನೇಲ್‌ಬೊಲ್ಲೆ ಅಂತಲೋ ಕನೇಲ್‌ಸ್ನುರ್ ಅಂತಲೋ ಕೇಳಿದರೆ ಕೊಡುತ್ತಾರೆ, ಬರ್ಗೆನ್‌ನಲ್ಲಿ ಅದು ಶಿಲ್ಲಿಂಗ್ಸ್‌ಬೊಲ್ಲೆ. 1875ರಲ್ಲಿ ಕ್ರೋನ ಬರುವ ಮುಂಚೆ ಇಲ್ಲಿ ಶಿಲ್ಲಿಂಗ್ ನಾಣ್ಯ ಇತ್ತು, ಒಂದು ಶಿಲ್ಲಿಂಗ್‌ಗೆ ಸಿಗುತ್ತಿದ್ದ ಬನ್ ಅಂತ ಆ ಹೆಸರು. ಬಂದರಿನ ಬ್ರಿಗ್ಗೆನ್‌ನಲ್ಲಿ ಶತಮಾನಗಟ್ಟಲೆ ವ್ಯಾಪಾರ ಮಾಡಿದ ಜರ್ಮನ್ ವರ್ತಕರ ಕಾಲದಿಂದ ಬಂದ ರುಚಿ ಅಂತ ಊರಿನವರು ಹೇಳುತ್ತಾರೆ. ಅಲ್ಲಿಯ ಮರದ ಮನೆಗಳು 1979ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ, ಬಂದ ವಾರವೇ ನೋಡಿಬಿಡುತ್ತೀರಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ದಿನಾ ತಿನ್ನಬೇಕಾಗುತ್ತದೆ ಅಂತ ನೀವು ಅಂದುಕೊಂಡದ್ದೇ ಸರಿಯಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಕಾಣುವ ಕೆಫೆ, ಕಿಟಕಿ, ಮೇಣದ ಬತ್ತಿ, ಬನ್, ಅದೆಲ್ಲ ಇದೆ. ಆದರೆ ಇಲ್ಲಿಯ ಜನ ವಾರದ ದಿನ ಮಧ್ಯಾಹ್ನ ಮನೆಯಿಂದ ತಂದ ಬ್ರೆಡ್ಡು ಚೀಸು ತಿಂದು ಮುಗಿಸುತ್ತಾರೆ. ಬನ್ ಬರುವುದು ಜನ ಸೇರಿದಾಗ. ಆಫೀಸಿನಲ್ಲಿ ಶುಕ್ರವಾರ ಯಾರಾದರೂ ತರುತ್ತಾರೆ. ಮಕ್ಕಳ ಫುಟ್‌ಬಾಲ್ ಮ್ಯಾಚಿನ ದಿನ ಅಪ್ಪ ಅಮ್ಮಂದಿರೇ ಸರದಿಯ ಮೇಲೆ ಅಂಗಡಿ ಇಟ್ಟು ಮಾರುತ್ತಾರೆ, ಆ ದುಡ್ಡು ತಂಡಕ್ಕೆ. ದೂರದ ಪ್ರಯಾಣದಲ್ಲಿ ಪೆಟ್ರೋಲ್ ಬಂಕಿನಲ್ಲಿ ಕಾಫಿ ಜೊತೆ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಜನ ಗುಡ್ಡ ಹತ್ತುತ್ತಾರೆ. ನಮ್ಮಲ್ಲಿ ಫ್ಲೋಯೆನ್ ಇದೆ. 1918ರಿಂದ ಓಡುತ್ತಿರುವ ಫ್ಲೋಯ್‌ಬಾನೆನ್ ರೈಲು ಕೆಲವೇ ನಿಮಿಷದಲ್ಲಿ 320 ಮೀಟರ್ ಎತ್ತರಕ್ಕೆ ಏರಿಸುತ್ತದೆ. ಆದರೂ ಊರಿನವರು ನಡೆದೇ ಹತ್ತಿ, ಒದ್ದೆ ಬೆಂಚಿನ ಮೇಲೆ ಪ್ಲಾಸ್ಟಿಕ್ ಹಾಸಿ ಕೂತು, ಚೀಲದಿಂದ ಥರ್ಮಾಸ್ ಮತ್ತು ಬನ್ ತೆಗೆಯುತ್ತಾರೆ. ಇವುಗಳಲ್ಲಿ ಹೆಚ್ಚಿನದಕ್ಕೆ 45 ಕ್ರೋನರ್ ಆಗುವುದಿಲ್ಲ. ಆ ರೇಟು ಕೆಫೆಯದು. ಸೂಪರ್‌ ಮಾರ್ಕೆಟ್ಟಿನಲ್ಲಿ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ, ಮನೆಯಲ್ಲಿ ಮಾಡಿದರೆ ಇನ್ನೂ ಕಡಿಮೆ.

ಹಾಗಾದರೆ ತಿನ್ನಲೇಬೇಕಾ? ಬೇಡ. ನನ್ನ ಗಂಡ ಆಫೀಸಿನಲ್ಲಿ ಬನ್ ಮುಟ್ಟುತ್ತಿರಲಿಲ್ಲ, ಅವರಿಗೂ ಮೊಟ್ಟೆ ಆಗುವುದಿಲ್ಲ. ಆದರೆ ಮೊದಲ ಶುಕ್ರವಾರವೇ, ನಾನು ಮೊಟ್ಟೆ ತಿನ್ನಲ್ಲ, ಕಾಫಿ ಕೊಡಿ ಅಂತ ಹೇಳಿ ಲೋಟ ಹಿಡಿದು ಅವರ ಜೊತೆ ಕೂತರು. ಅವರಿಗೆ ಕಚೇರಿಯಲ್ಲಿ ಗೆಳೆಯರಾದರು. ನನಗೆ ಕಟ್ಟಡದಲ್ಲಿ ಆಗಲಿಲ್ಲ. ನಾವಿಬ್ಬರೂ ಬನ್ ತಿನ್ನಲಿಲ್ಲ, ಅವರು ಕೂತರು, ನಾನು ಎದ್ದು ಹೋದೆ. ಸಕ್ಕರೆ ಬೇಡವಾದರೆ ಅದನ್ನೂ ಹಾಗೇ ಹೇಳಿ, ಕಪ್ಪು ಕಾಫಿ ತಗೊಳ್ಳಿ. ಇಲ್ಲಿಯ ಕಾಫಿಯೂ ಫಿಲ್ಟರ್ ಕಾಫಿಯೇ, ಆದರೆ ಡಿಕಾಕ್ಷನ್ ತೆಳು, ಹಾಲಿಲ್ಲದೆ ಲೋಟಗಟ್ಟಲೆ ಕುಡಿಯುತ್ತಾರೆ. ಅರ್ಧ ಬನ್ ತಗೊಂಡು ಇನ್ನರ್ಧ ಮಗುವಿಗೆ ಕೊಟ್ಟರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬಾಯಿಬಿಟ್ಟು ಕಾರಣ ಹೇಳಿ, ಕಾಲು ಗಂಟೆ ಕೂತುಕೊಳ್ಳಿ. ನಯವಾಗಿ ಬೇಡ ಅನ್ನುವುದು ಹೇಗೆ ಅಂತ ಯೋಚಿಸುತ್ತಾ ಹೋದರೆ ನೀವೂ ನನ್ನ ಹಾಗೇ ಮನೆಯೊಳಗೆ ಉಳಿಯುತ್ತೀರಿ. ಇದನ್ನು ಖಡಾಖಂಡಿತವಾಗಿ ಹೇಳುತ್ತಿದ್ದೇನೆ, ಯಾಕಂದರೆ ನಿಮಗೂ ಸಣ್ಣ ಮಗು ಇದೆ ಅಂತ ಬರೆದಿದ್ದೀರಿ.

ಮೊಟ್ಟೆ ನೋಡಿಕೊಳ್ಳುವುದು ಕಷ್ಟ ಅಲ್ಲ. ಪ್ಯಾಕೆಟ್ಟಿನ ಮೇಲಿನ ಪಟ್ಟಿಯಲ್ಲಿ ಅಲರ್ಜಿ ಪದಾರ್ಥಗಳನ್ನು ಎದ್ದು ಕಾಣುವ ಹಾಗೆ ಮುದ್ರಿಸಬೇಕು ಅಂತ ಕಾನೂನಿದೆ, ಮೊಟ್ಟೆಗೆ ಅವರೂ 'ಎಗ್' ಅಂತಲೇ ಬರೆಯುತ್ತಾರೆ. ಬೇಕರಿಯಲ್ಲಿ 'ಎರ್ ದೆ ಎಗ್ ಈ?' ಅಂತ ಕೇಳಿದರೆ ಸಾಕು, ಒಳಗೆ ಹೋಗಿ ನೋಡಿ ಬಂದು ಹೇಳುತ್ತಾರೆ. ಅಂಗಡಿಯ ಬನ್ನಿಗೆ ಹಿಟ್ಟಿನಲ್ಲೇ ಮೊಟ್ಟೆ ಹಾಕಿರುವುದೂ ಉಂಟು, ಅದಕ್ಕೆ ಪ್ರತಿ ಸಲ ಕೇಳಿ. ಮುಂದಿನ ವಸಂತದ ಡುಗ್ನಾಡ್‌ಗೆ ಬನ್ ಯಾರು ತರುತ್ತೀರಿ ಅಂತ ಚೀಟಿ ಹಾಕಿದಾಗ ನಾನೇ ಹೆಸರು ಬರೆದೆ. ಹಾಲು ಹಚ್ಚಿ ಮಾಡಿದ್ದಕ್ಕೆ ಹೊಳಪು ಸ್ವಲ್ಪ ಕಡಿಮೆ ಬಂತು, ಆದರೆ ತಟ್ಟೆ ಖಾಲಿಯಾಯಿತು. ಮಗಳು ಆ ಹೊತ್ತಿಗೆ ಶನಿವಾರದ ಕಾರಿನಲ್ಲಿ ಹೋಗಿ ಬರುತ್ತಿದ್ದಳು.

ಊರಿಂದ ಏನು ತರಬೇಕು ಅಂತಲೂ ಕೇಳಿದ್ದೀರಿ. ಚಕ್ಕೆ ತರಬೇಡಿ, ಪುಡಿ ಇಲ್ಲಿ ಎಲ್ಲ ಅಂಗಡಿಯಲ್ಲೂ ಚೆನ್ನಾಗಿರುವುದೇ ಸಿಗುತ್ತದೆ. ಏಲಕ್ಕಿ ಮಾತ್ರ ತನ್ನಿ, ಸಿಪ್ಪೆ ಸಮೇತ, ಪುಡಿ ಅಲ್ಲ. ಇಲ್ಲಿ ಸಣ್ಣ ಡಬ್ಬಿಯಲ್ಲಿ ಸಿಗುವ ಪುಡಿಗೆ ಬೆಲೆ ಜಾಸ್ತಿ, ವಾಸನೆ ಕಡಿಮೆ. ಸಕಲೇಶಪುರದ ಕಡೆ ನಿಮಗೆ ನೆಂಟರಿದ್ದರೆ ಅಲ್ಲಿಂದಲೇ ಸ್ವಲ್ಪ ತರಿಸಿಕೊಳ್ಳಿ. ಅರ್ಧ ಲೀಟರ್ ಹಾಲಿನ ಹಿಟ್ಟಿಗೆ ಎರಡು ಟೀ ಚಮಚ ಪುಡಿ ಬೇಕು, ಬೀಜವನ್ನು ಅವತ್ತೇ ಕುಟ್ಟಿ ಹಾಕಿ.