ಅಪ್ಪ ರೆಕಾರ್ಡ್ ಮಾಡಿಟ್ಟ ಹಳೆಯ ದೂರದರ್ಶನ ಧಾರಾವಾಹಿಗಳ ಕ್ಯಾಸೆಟ್‌ಗಳನ್ನು ಇಟ್ಟುಕೊಳ್ಳಬೇಕೇ? ಒಂದಲ್ಲ ಒಂದು ದಿನ ಅವು ಮರುಪ್ರಸಾರ ಆಗುವುದಿಲ್ಲವೇ? ಡಿಜಿಟಲ್ ಮಾಡಿಸುವುದಾದರೆ ಹೇಗೆ?

ಟ್ರಂಕಿನ ತುಂಬ ವಿಎಚ್‌ಎಸ್ ಕ್ಯಾಸೆಟ್, ಮನೆ ಬದಲಾಯಿಸುವ ಗಡಿಬಿಡಿ, ‘ಹೇಗೂ ಎಲ್ಲವೂ ಒಂದು ದಿನ ಯೂಟ್ಯೂಬ್‌ಗೆ ಬರುತ್ತವಲ್ಲ’ ಎಂಬ ಸಮಾಧಾನ. ನಿಮ್ಮ ಪ್ರಶ್ನೆಯಲ್ಲಿ ಊರಿನ ಹೆಸರೊಂದನ್ನು ಬದಲಾಯಿಸಿದರೆ ಅದು ನಾನೇ. ಎಸೆಯಬೇಡಿ. ಕಾಯಲೂ ಬೇಡಿ. ನಾನು ಎಸೆಯಲಿಲ್ಲ, ಕಾಯಲೂ ಇಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ.

ನಮ್ಮದು ಕಲಬುರಗಿ, ಬ್ರಹ್ಮಪುರದ ಹಳೆಯ ಮನೆ. ಟಿವಿಯ ವಿಷಯದಲ್ಲಿ ಅಪ್ಪನಿಗೆ ಒಂದು ಜಂಬವಿತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ, ನಮಗೆ ಅದಕ್ಕೂ ಮೊದಲು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವನ್ನು ಎರವಲು ಪಡೆದು ಹಳ್ಳಿಗಳಿಗೆ ಟಿವಿ ತೋರಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಆಗ ಅಪ್ಪ ಒಂದು ಹಳ್ಳಿಯಲ್ಲಿ ಹೊಸದಾಗಿ ಸೇರಿದ ಮಾಸ್ತರರು. ಶಾಲೆಯ ಅಂಗಳದಲ್ಲಿ ಕೋಳಿ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ ನೆಟ್ಟಿದ್ದರಂತೆ. ಸಂಜೆಯಾದರೆ ಇಡೀ ಊರು ಅದರ ಮುಂದೆ ಕೂರುತ್ತಿತ್ತು, ಎಮ್ಮೆ ಕಟ್ಟಿ ಬಂದವರು ಹಗ್ಗ ಹೆಗಲ ಮೇಲೆಯೇ ಇಟ್ಟುಕೊಂಡು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲಬರ್ಗಾಕ್ಕೇ ಟ್ರಾನ್ಸ್‌ಮಿಟರ್ ಬಂತು. ‘ಬೆಂಗಳೂರಿನವರು ರೇಡಿಯೋ ತಿರುವುತ್ತಿದ್ದಾಗ ನಾವು ಟಿವಿ ನೋಡಿ ಎದ್ದು ಹೋದವರು’ ಎಂದು ಅಪ್ಪ ಬೀಗರ ಮುಂದೆ ಹೇಳದ ಮದುವೆ ಇಲ್ಲ.

ಇಂಥವರ ಕೈಗೆ ವಿಸಿಆರ್, ಅಂದರೆ ಟಿವಿಯಲ್ಲಿ ಬಂದದ್ದನ್ನು ಕ್ಯಾಸೆಟ್ಟಿಗೆ ಇಳಿಸುವ ಯಂತ್ರ, ಸಿಕ್ಕರೆ ಏನಾಗುತ್ತದೆ? ಸೌದಿಯಿಂದ ಮರಳಿದ ನೆರೆಯವರೊಬ್ಬರಿಂದ ಕೊಂಡಿದ್ದರು. ರಾಮಾಯಣ, ಮಹಾಭಾರತಗಳನ್ನು ಮುಟ್ಟಲಿಲ್ಲ. ‘ಅವುಗಳನ್ನು ಕಾಯಲು ದೇವರಿದ್ದಾನೆ’ ಎನ್ನುತ್ತಿದ್ದರು. ರೆಕಾರ್ಡ್ ಮಾಡುತ್ತಿದ್ದದ್ದು ಸಂಜೆಯ ಕನ್ನಡ ಧಾರಾವಾಹಿಗಳನ್ನು, ಹದಿಮೂರು ಕಂತುಗಳಲ್ಲಿ ಮುಗಿದು ಹೋಗುವಂಥವನ್ನು. ಅಂಥ ಒಂದು ಧಾರಾವಾಹಿಯಲ್ಲಿ ನಮ್ಮ ಕಾಕಾ ಇದ್ದರು. ಹವ್ಯಾಸಿ ನಾಟಕದವರು, ಬೆಂಗಳೂರಿಗೆ ಹೋಗಿ ಹದಿನೈದು ದಿನ ಇದ್ದು ಬಸ್ ಕಂಡಕ್ಟರ್ ಪಾತ್ರ ಮಾಡಿ ಬಂದಿದ್ದರು. ಧಾರಾವಾಹಿ ಚೆನ್ನಾಗಿತ್ತೇ ಎಂದು ಕೇಳಬೇಡಿ. ನನಗೆ ನೆನಪಿರುವಂತೆ ಅದರಲ್ಲಿ ಎಲ್ಲರೂ ಬೆತ್ತದ ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ಮಾತನಾಡುತ್ತಿದ್ದರು. ಬಸ್ ಬಂದಾಗ ಮಾತ್ರ ನಮ್ಮ ಮನೆಯಲ್ಲಿ ಸಿಳ್ಳೆ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಟ್ರಂಕಿನಲ್ಲಿಯೂ ಇದು ಆಗಿರಬಹುದು.

ವಿಎಚ್‌ಎಸ್ ಕ್ಯಾಸೆಟ್ ಅನ್ನು ಲೇಬಲ್ ಇರುವ ಬೆನ್ನು ನಿಮ್ಮ ಕಡೆಗೆ ಬರುವಂತೆ ಹಿಡಿಯಿರಿ. ಒಂದು ಮೂಲೆಯಲ್ಲಿ ಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಅಲ್ಲೊಂದು ಗುಂಡಿ ಉಳಿಯುತ್ತದೆ. ವಿಸಿಆರ್ ಒಳಗಿನ ಸಣ್ಣ ಕಡ್ಡಿಯೊಂದು ಆ ಜಾಗವನ್ನು ಮುಟ್ಟಿ ನೋಡುತ್ತದೆ; ಗುಂಡಿ ಸಿಕ್ಕರೆ ರೆಕಾರ್ಡ್ ಬಟನ್ ಎಷ್ಟು ಒತ್ತಿದರೂ ಕೆಲಸ ಮಾಡುವುದಿಲ್ಲ. ಬೀಗ ಎಂದರೆ ಇಷ್ಟೇ. ಅಪ್ಪ ಪ್ರತಿ ಕ್ಯಾಸೆಟ್ ತುಂಬಿದ ಕೂಡಲೇ ಸ್ಕ್ರೂಡ್ರೈವರ್ ತುದಿಯಿಂದ ಆ ಚೂರನ್ನು ಟಕ್ ಎಂದು ಮುರಿದು, ನೀಲಿ ಶಾಯಿಯಲ್ಲಿ ಹೆಸರು, ಕಂತು, ತಾರೀಖು ಬರೆಯುತ್ತಿದ್ದರು. ಆದರೆ ಈ ಬೀಗಕ್ಕೆ ಕೀಲಿ ಬೇಕಿಲ್ಲ. ಗುಂಡಿಯ ಮೇಲೆ ಸೆಲ್ಲೋಟೇಪ್ ಅಂಟಿಸಿದರೆ ಸಾಕು, ಆ ಕಡ್ಡಿ ಮೋಸ ಹೋಗುತ್ತದೆ.

1996ರ ಮಾರ್ಚ್ 9, ಶನಿವಾರ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ, ಹಗಲು-ರಾತ್ರಿ ಪಂದ್ಯ. ನನಗೆ ಹದಿನಾರು ವರ್ಷ. ಖಾಲಿ ಕ್ಯಾಸೆಟ್ ತರಲು ಅಪ್ಪ ಕೊಟ್ಟಿದ್ದ ಹಣದಲ್ಲಿ ಹಿಂದಿನ ದಿನವೇ ಸಿನಿಮಾ ನೋಡಿಯಾಗಿತ್ತು. ಅಪ್ಪ ಆಳಂದದಲ್ಲಿ ಯಾರದೋ ಮದುವೆಗೆ ಹೋಗಿದ್ದರು. ನಾನು ಮಾಡಿದ ಲೆಕ್ಕ ಇಂದಿಗೂ ಬಾಯಿಪಾಠವಿದೆ: ಧಾರಾವಾಹಿ ಸರ್ಕಾರದ್ದು, ಸರ್ಕಾರದ ಬಳಿ ಅದರ ಪ್ರತಿ ಇದ್ದೇ ಇರುತ್ತದೆ, ಮತ್ತೆ ಹಾಕಿಯೇ ಹಾಕುತ್ತಾರೆ. ಪಂದ್ಯ ಮಾತ್ರ ಒಮ್ಮೆ ಹೋದರೆ ಹೋಯಿತು.

ಇದನ್ನು ಮತ್ತೊಮ್ಮೆ ಓದಿ. ಒಂದೊಂದು ಮಾತೂ ತಿರುಗುಮುರುಗು. ಆ ಪಂದ್ಯದಲ್ಲಿ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೇಲ್‌ರ ಸ್ಟಂಪ್ ಎಗರಿಸಿದ ಚೆಂಡನ್ನು ನೀವು ಈ ಕ್ಷಣ ಮೊಬೈಲ್‌ನಲ್ಲಿ ನೂರು ಕಡೆ ನೋಡಬಹುದು. ಧಾರಾವಾಹಿ ಎಲ್ಲಿಯೂ ಇಲ್ಲ.

ಕಾಕಾ ಇದ್ದ ಧಾರಾವಾಹಿಯ ಕ್ಯಾಸೆಟ್ಟಿನ ಗುಂಡಿಗೆ ಸೆಲ್ಲೋಟೇಪ್ ಅಂಟಿಸಿ, ಮಧ್ಯಾಹ್ನ ಎರಡೂವರೆಗೆ ಮೊದಲ ಚೆಂಡಿನಿಂದಲೇ ಹಚ್ಚಿದೆ. ಮೂರು ಗಂಟೆಯ ಟೇಪಿನಲ್ಲಿ ಏಳು ಗಂಟೆಯ ಪಂದ್ಯ ಹಿಡಿಯುವುದಿಲ್ಲ ಎಂಬುದು ಹೊಳೆಯಲಿಲ್ಲ. ಸಿಧು ನಿಧಾನವಾಗಿ 93 ರನ್ ಕೂಡಿಸುತ್ತಿದ್ದದ್ದೆಲ್ಲ ಟೇಪಿಗೆ ಇಳಿಯಿತು. ಸಂಜೆ ಐದರ ಸುಮಾರಿಗೆ, ಗುಲಬರ್ಗಾದ ಮಾರ್ಚ್ ತಿಂಗಳಲ್ಲಿ ಆಗಬೇಕಾದದ್ದೇ ಆಯಿತು: ಕರೆಂಟ್ ಹೋಯಿತು. ಹತ್ತು ನಿಮಿಷಕ್ಕೆ ಬಂತು. ಟಿವಿ ಎದ್ದಿತು, ವಿಸಿಆರ್ ಎದ್ದರೂ ರೆಕಾರ್ಡ್ ಮುಂದುವರಿಸಲಿಲ್ಲ. ಅದರ ಗಡಿಯಾರ ಸೊನ್ನೆ ಸೊನ್ನೆ ಎಂದು ಮಿಣುಕುತ್ತಿತ್ತು. ನಾನು ಅತ್ತ ನೋಡಲೇ ಇಲ್ಲ, ಕಣ್ಣೆಲ್ಲ ಆಟದ ಮೇಲೆ. ಸ್ವಲ್ಪ ಹೊತ್ತಿಗೆ ಅಜಯ್ ಜಡೇಜಾ ವಕಾರ್ ಯೂನಿಸ್‌ರನ್ನು ಚಚ್ಚಲು ಶುರು ಮಾಡಿದರು. 25 ಚೆಂಡುಗಳಲ್ಲಿ 45. ಭಾರತ 39 ರನ್‌ಗಳಿಂದ ಗೆದ್ದಿತು. ನನ್ನ ಕ್ಯಾಸೆಟ್‌ನಲ್ಲಿ ಜಡೇಜಾ ಇಲ್ಲ, ಪ್ರಸಾದ್ ಇಲ್ಲ. ಸಿಧು ಇದ್ದಾರೆ, ಜಾಹೀರಾತುಗಳಿವೆ.

ಅಷ್ಟಾದರೂ ಸುಮ್ಮನಿರಬಹುದಿತ್ತು. ಅಪ್ಪ ಬರುವುದರೊಳಗೆ ಲೇಬಲ್ ಅನ್ನು ಬ್ಲೇಡಿನಿಂದ ಕೆರೆದು ತೆಗೆದು ಹೊಸ ಚೀಟಿ ಅಂಟಿಸಿದೆ. ದೊಡ್ಡ ತಪ್ಪು ಇದೇ, ಅಳಿಸಿದ್ದಕ್ಕಿಂತ ದೊಡ್ಡದು. ಈಗ ಆ ಧಾರಾವಾಹಿಯ ಹೆಸರು ಯಾರಿಗೂ ನೆನಪಿಲ್ಲ. ಅಪ್ಪ ತೀರಿಕೊಂಡರು. ಕಾಕಾ ಹೇಳುವುದು ಶೂಟಿಂಗ್ ವೇಳೆಯ ಹೆಸರು. ಪ್ರಸಾರದ ಹೊತ್ತಿಗೆ ಅದು ಬದಲಾಗಿತ್ತು ಎಂದು ಅವರೇ ಒಪ್ಪುತ್ತಾರೆ. ಹೆಸರಿಲ್ಲದ್ದನ್ನು ಹುಡುಕುವುದು ಹೇಗೆ? ‘ಬಸ್, ಕಂಡಕ್ಟರ್, ಬೆತ್ತದ ಕುರ್ಚಿ’ ಎಂದು ಹುಡುಕಿದರೆ ಏನು ಬರುತ್ತದೆ ಎಂದು ನೀವೇ ನೋಡಿ.

ಅಳಿಸಿದ್ದನ್ನು ಮರಳಿ ತೆಗೆಯಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಸಿಆರ್ ಹಳೆಯದರ ಮೇಲೆ ಹೊಸದನ್ನು ಬರೆಯುವುದಿಲ್ಲ. ಚಿತ್ರ ಬರೆಯುವ, ತಿರುಗುವ ಡ್ರಮ್‌ಗೆ ಮೊದಲು ಟೇಪಿನ ಪೂರ್ತಿ ಅಗಲವನ್ನು ಒರೆಸುವ ಬೇರೆಯೇ ಹೆಡ್ ಇರುತ್ತದೆ. ಮೊದಲು ಸ್ಲೇಟು ತೊಳೆದು ಆಮೇಲೆ ಬರೆಯುವ ಹಾಗೆ.

ಇನ್ನು ನಿಮ್ಮ ಮುಖ್ಯ ಆಸರೆಯಾದ ‘ಮರುಪ್ರಸಾರ’. ಇದನ್ನು ನಾನು ಒಪ್ಪುವುದೇ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ರಾಮಾಯಣ ಮರಳಿ ಬಂದದ್ದನ್ನು ನೋಡಿ ಎಲ್ಲರಿಗೂ ಈ ಆಸೆ ಹುಟ್ಟಿದೆ. ಅದು ಹೆಸರಾದವುಗಳ ಭಾಗ್ಯ. ಶಂಕರನಾಗ್ ಅವರ ಮಾಲ್ಗುಡಿ ಡೇಸ್ ಎಂದೂ ಕಳೆಯುವುದಿಲ್ಲ, ಸದಾನಂದ ಸುವರ್ಣರ ಗುಡ್ಡದ ಭೂತವನ್ನು ಜನ ಹುಡುಕಿ ಹುಡುಕಿ ನೋಡುತ್ತಾರೆ. ಅವುಗಳ ಅಕ್ಕಪಕ್ಕದ ವಾರಗಳಲ್ಲಿ ಬಂದು ಹೋದವುಗಳ ಗತಿ ಬೇರೆ. ಪ್ರಾಯೋಜಿತ ಧಾರಾವಾಹಿಗಳಲ್ಲಿ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರದು. ವಾಹಿನಿ ಕೊಡುತ್ತಿದ್ದದ್ದು ಸಮಯ ಮಾತ್ರ. ನಿರ್ಮಾಪಕರು ತೀರಿಕೊಂಡರೆ ಟೇಪ್ ಯಾರದೋ ಮನೆಯ ಕಪಾಟಿನಲ್ಲಿ, ಹಕ್ಕು ಮಕ್ಕಳ ಜಗಳದಲ್ಲಿ. ಸ್ಟುಡಿಯೋ ಟೇಪ್‌ಗಳು ದುಬಾರಿಯಾಗಿದ್ದ ಕಾಲದಲ್ಲಿ ಅವುಗಳನ್ನೇ ಅಳಿಸಿ ಮತ್ತೆ ಬಳಸುವುದು ಜಗತ್ತಿನ ಹಲವು ಟಿವಿ ಕೇಂದ್ರಗಳಲ್ಲಿ ನಡೆದದ್ದು. ನಾನು ಸೆಲ್ಲೋಟೇಪಿನಿಂದ ಮಾಡಿದ್ದನ್ನು ಅವರು ಕಚೇರಿ ಆದೇಶದಿಂದ ಮಾಡಿದರು. ಪ್ರಸಾರ ಭಾರತಿಯ ಆರ್ಕೈವ್ಸ್ ಯೂಟ್ಯೂಬ್‌ನಲ್ಲಿದೆ, 2024ರ ನವೆಂಬರ್‌ನಿಂದ ಅವರದೇ ವೇವ್ಸ್ ಆ್ಯಪ್ ಇದೆ. ಒಂದು ಸಂಜೆ ಕುಳಿತು ನಿಮ್ಮ ಪಟ್ಟಿಯನ್ನು ಅವುಗಳ ಜೊತೆ ಹೋಲಿಸಿ ನೋಡಿ. ಸಿಕ್ಕರೆ ಸಂತೋಷ. ಸಿಕ್ಕರೂ ಕ್ಯಾಸೆಟ್ ಎಸೆಯಬೇಡಿ, ಏಕೆಂದರೆ ಅಲ್ಲಿ ಧಾರಾವಾಹಿ ಇರುತ್ತದೆ, ಅದರ ಸುತ್ತಲಿನ ಸಂಜೆ ಇರುವುದಿಲ್ಲ. ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಫಲಕ, ನಡುವೆ ಬಂದ ಕಾಣೆಯಾದವರ ಪ್ರಕಟಣೆ, ಹೂ ಮುಡಿದು ಮುಂದಿನ ಕಾರ್ಯಕ್ರಮ ಹೇಳುವ ನಿರೂಪಕಿ, ಸೋಪಿನ ಜಾಹೀರಾತು. ಇವುಗಳನ್ನು ಯಾವ ಆರ್ಕೈವೂ ಮರುಪ್ರಸಾರ ಮಾಡುವುದಿಲ್ಲ.

ಡಿಜಿಟಲ್ ಮಾಡಿಸುವುದು ಹೇಗೆ ಎಂದು ಕೇಳಿದ್ದೀರಿ. ಸಿಕ್ಕ ಸಿಕ್ಕ ವಿಸಿಆರ್‌ಗೆ ಟೇಪ್ ಹಾಕಬೇಡಿ. ಕೊಳೆಯಾದ ಹೆಡ್ ಟೇಪನ್ನು ಕೆರೆಯುತ್ತದೆ, ಸವೆದ ಯಂತ್ರ ಅದನ್ನು ನುಂಗುತ್ತದೆ. ಮೊದಲು ಬೇಡದ ಟೇಪ್ ಹಾಕಿ ನೋಡಿ. ನಿಮ್ಮ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಯಂತ್ರಕ್ಕೆ ತೋರಿಸಲೇಬೇಡಿ. ನಮ್ಮ ಕಡೆಯ ಒಣ ಹವೆಗೆ ಬೂಷ್ಟು ಕಡಿಮೆ, ಬಿಸಿಲೇ ಶತ್ರು. ನಮ್ಮ ಕ್ಯಾಸೆಟ್‌ಗಳು ಶಹಾಬಾದ್ ಕಲ್ಲಿನ ಚಾವಣಿಯ ಕೆಳಗೆ, ಅಟ್ಟದಲ್ಲಿ ಇಪ್ಪತ್ತು ಬೇಸಿಗೆ ಬೆಂದವು. ಕೆಲವು ಸುಳಿಸುಳಿಯಾಗಿ ಮುದುಡಿದ್ದವು. ಇಂಥದ್ದಕ್ಕೆ ಪಳಗಿದ ಕೈ ಬೇಕು, ಮತ್ತು ಅಂಥ ಕೈಗಳು ಕಡಿಮೆಯಾಗುತ್ತಿವೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಈಗ ಇರುವ ಯಂತ್ರಗಳು ಒಂದರ ಭಾಗ ಇನ್ನೊಂದಕ್ಕೆ ಹಾಕಿಕೊಂಡು ಬದುಕಿವೆ.

ಮದುವೆ ವಿಡಿಯೊ ಮಾಡುವವರ ಬಳಿ ಹೋಗುತ್ತೀರಾದರೆ ಬಾಯಿಬಿಟ್ಟು ಹೇಳಿ: ಏನನ್ನೂ ಕತ್ತರಿಸಬಾರದು, ಏನನ್ನೂ ಸೇರಿಸಬಾರದು. ನಾನು ಹೇಳಲಿಲ್ಲ. ಊರಿನ ಒಂದು ಸ್ಟುಡಿಯೋಕ್ಕೆ ಎಂಟು ಕ್ಯಾಸೆಟ್ ಕೊಟ್ಟು ಬಂದೆ. ಪಾಪ, ಒಳ್ಳೆಯ ಹುಡುಗ. ‘ಸರ್, ಜಾಹೀರಾತು ಎಲ್ಲ ತೆಗೆದು ನೀಟಾಗಿ ಮಾಡಿದ್ದೇನೆ’ ಎಂದು ಹೆಮ್ಮೆಯಿಂದ ಕೊಟ್ಟ. ಪ್ರತಿ ಕಂತಿನ ಆರಂಭದಲ್ಲಿ ಗುಲಾಬಿ ದಳಗಳು ಉದುರುತ್ತಿದ್ದವು, ಹಿಂದೆ ಶಹನಾಯಿ. ಮತ್ತೆ ಮಾಡಿಸಿದೆ, ಎರಡನೆಯ ಬಾರಿ ಪಕ್ಕದಲ್ಲಿ ಕುಳಿತು. ಡಿವಿಡಿಯಲ್ಲಿ ಬೇಡ, ಫೈಲ್ ಆಗಿ ಕೊಡಿ ಎನ್ನಿ. ಎರಡು ಕಡೆ ಇಡಿ. ಕ್ಯಾಸೆಟ್‌ನ ಬೆನ್ನಿನ ಲೇಬಲ್‌ನ ಫೋಟೊ ತೆಗೆದುಕೊಳ್ಳಿ, ಇಂದೇ. ಗುಂಡಿಯ ಮೇಲೆ ಸೆಲ್ಲೋಟೇಪ್ ಇದ್ದರೆ ಕಿತ್ತು ಹಾಕಿ.

ಸಿಧು ಕ್ಯಾಸೆಟ್ ಅನ್ನೂ ಆಗಲೇ ಮಾಡಿಸಿದೆ. ಕರೆಂಟ್ ಹೋದ ಜಾಗದಿಂದ ಟೇಪಿನ ಕೊನೆಯವರೆಗೆ ಹದಿನೇಳು ನಿಮಿಷ ಧಾರಾವಾಹಿ ಉಳಿದಿದೆ ಎಂಬುದು ನನಗೆ ಗೊತ್ತಾದದ್ದು ಆ ದಿನವೇ. ಒಂದು ಕಂತಿನ ನಡುವಿನಿಂದ ಆರಂಭ. ಮುಗಿಯುವ ಮುನ್ನವೇ ಟೇಪ್ ಖಾಲಿ, ಅಪ್ಪನೂ ಲೆಕ್ಕ ತಪ್ಪಿದ್ದರು. ಆದ್ದರಿಂದ ಆರಂಭದಲ್ಲಿ ಬರುವ ಧಾರಾವಾಹಿಯ ಹೆಸರೂ ಇಲ್ಲ, ಕೊನೆಯಲ್ಲಿ ಬರುವ ಕಲಾವಿದರ ಹೆಸರುಗಳೂ ಇಲ್ಲ. ಹನ್ನೊಂದನೆಯ ನಿಮಿಷದಲ್ಲಿ ಬಸ್ ಬರುತ್ತದೆ. ಖಾಕಿ ಅಂಗಿಯ ಬೆನ್ನು, ಚರ್ಮದ ಚೀಲ, ಟಿಕೆಟ್ ಹರಿಯುವ ಕೈ. ಒಂಬತ್ತು ಸೆಕೆಂಡ್.

ಈ ಮೂವತ್ತು ವರ್ಷಗಳಲ್ಲಿ ಕಾಕಾನ ಪಾತ್ರ ಬೆಳೆದಿದೆ. ನಾನು ಕಾಲೇಜಿನಲ್ಲಿದ್ದಾಗ ಎರಡು ದೃಶ್ಯ, ನನ್ನ ಮದುವೆಯಲ್ಲಿ ಐದು ಕಂತು; ಈಚೆಗೆ ಕಥೆಯೇ ಕಂಡಕ್ಟರನ ಸುತ್ತ ಇತ್ತು ಎನ್ನುತ್ತಾರೆ. ಇಲ್ಲ ಎನ್ನಲು ಯಾರ ಬಳಿಯೂ ಸಾಕ್ಷಿ ಇಲ್ಲ, ಅಳಿಸಿದ ನನಗಂತೂ ಬಾಯಿಯೇ ಇಲ್ಲ. ಮೊನ್ನೆ ಯುಗಾದಿಗೆ ಹೋದಾಗ ಮೊಬೈಲ್‌ನಲ್ಲಿ ಆ ಒಂಬತ್ತು ಸೆಕೆಂಡ್ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು. ಮುಗಿಯಿತು. ಪರದೆಯನ್ನು ಹೆಬ್ಬೆರಳಿನಿಂದ ಒರೆಸಿದರು.

‘ತಮ್ಮಾ, ಮುಖ ತೋರಿಸಿದ್ದು ಇದರ ಹಿಂದಿನ ಕಂತಿನಲ್ಲಿ. ಅದರ ಮೇಲೆಯೇ ನೀನು ಸಿಧುವನ್ನು ಕೂರಿಸಿದ್ದೀಯ’ ಎಂದರು. ಆಮೇಲೆ ಕಾಕುವನ್ನು ಅಡುಗೆಮನೆಯಿಂದ ಕರೆದು, ‘ಇನ್ನೊಮ್ಮೆ ಹಚ್ಚು’ ಎಂದರು.