ಸಾಫ್ಟ್‌ವೇರ್ ಸಿಂಥ್‌ನಲ್ಲಿ ನೋಟ್‌ಗಳು ಬಿಟ್ಟುಹೋಗುತ್ತಿದ್ದರೆ ಹೊಸ ಸೌಂಡ್ ಕಾರ್ಡ್ ಕೊಳ್ಳಬೇಕೇ?

ಬೇಡ. ಇನ್ನೂ ದುಡ್ಡು ಕೊಟ್ಟಿಲ್ಲವಾದರೆ ಕೊಡಬೇಡಿ. ಕಂಪ್ಯೂಟರಿನಲ್ಲೇ ವಾದ್ಯಗಳ ಸದ್ದು ಹುಟ್ಟಿಸುವ ಫ್ಲೂಯಿಡ್‌ಸಿಂಥ್ ಎಂಬ ಸಿಂಥ್‌ನಲ್ಲಿ ಪಿಯಾನೋ ಮತ್ತು ಸ್ಟ್ರಿಂಗ್ಸ್ ಒಟ್ಟಿಗೆ ಇಟ್ಟುಕೊಂಡಿದ್ದೀರಿ, ಪೆಡಲ್ ಒತ್ತಿ ನುಡಿಸುವಾಗ ಒಂದೆರಡು ನೋಟ್ ಮಾಯವಾಗುತ್ತವೆ, ಬಫರನ್ನು (ಕಾರ್ಡಿಗೆ ಹೋಗುವ ಮುಂಚೆ ಸದ್ದಿನ ತುಣುಕು ಕಾಯುವ ಜಾಗ) 1024ಕ್ಕೆ ಏರಿಸಿದರೂ ಏನೂ ಬದಲಾಗಲಿಲ್ಲ ಎಂದು ಬರೆದಿದ್ದೀರಿ. ನಾನೂ ಮೊದಲು ಬಫರನ್ನೇ ಅನುಮಾನಿಸುತ್ತಾ ಕೂತಿದ್ದವನು, ಅದಕ್ಕೇ ಹೇಳುತ್ತಿದ್ದೇನೆ: ತೊಂದರೆ ಇರುವುದು ಕಾರ್ಡಿನಲ್ಲೂ ಅಲ್ಲ, ಬಫರಿನಲ್ಲೂ ಅಲ್ಲ.

ಬಫರ್ ಸಾಲದೆ ಹೋದಾಗ ಏನು ಕೇಳಿಸುತ್ತದೆ ಅನ್ನುವುದನ್ನು ಕಿವಿ ಗುರುತು ಹಿಡಿಯಬೇಕು. 48,000 ಹರ್ಟ್ಸ್‌ನಲ್ಲಿ 256 ಫ್ರೇಮಿನ (ಫ್ರೇಮ್ ಅಂದರೆ ಒಂದು ಕ್ಷಣದ ಸದ್ದಿನ ಅಳತೆ) ಬಫರ್ ಎಂದರೆ 5.3 ಮಿಲಿಸೆಕೆಂಡು. ಅಷ್ಟರೊಳಗೆ ಸಿಂಥ್ ಮುಂದಿನ ತುಣುಕನ್ನು ಲೆಕ್ಕಹಾಕಿ ಕೊಡದಿದ್ದರೆ ಕಾರ್ಡಿನ ಹತ್ತಿರ ನುಡಿಸಲು ಏನೂ ಇರುವುದಿಲ್ಲ. ಆಗ ಚಟ್ ಎಂದು ಸದ್ದಾಗುತ್ತದೆ, ಇಲ್ಲವೇ ಗರಗರ ಎನ್ನುತ್ತದೆ. ಆ ಕ್ಷಣಕ್ಕೆ ಎಲ್ಲ ನೋಟ್‌ಗಳಿಗೂ ಒಟ್ಟಿಗೇ ಪೆಟ್ಟು ಬೀಳುತ್ತದೆ. ಉಳಿದದ್ದೆಲ್ಲ ಸ್ವಚ್ಛವಾಗಿ ಕೇಳುತ್ತಿರುವಾಗ ಒಂದೇ ಒಂದು ನೋಟನ್ನು ಆರಿಸಿ ತೆಗೆಯಲು ಬಫರಿನಿಂದ ಆಗುವುದಿಲ್ಲ. ಬಫರಿಗೆ ಬಂದು ಸೇರುವ ಹೊತ್ತಿಗೆ ನೋಟ್‌ಗಳೆಲ್ಲ ಬೆರೆತು ಒಂದೇ ಅಲೆಯಾಗಿರುತ್ತವೆ, ಅದರಲ್ಲಿ ಯಾವುದು ಯಾವ ಕೀಯದು ಅನ್ನುವ ಲೆಕ್ಕವೇ ಇರುವುದಿಲ್ಲ. 1024ಕ್ಕೆ ಏರಿಸಿದ್ದರಿಂದ ನಿಮಗೆ ಸಿಕ್ಕಿದ್ದು 21 ಮಿಲಿಸೆಕೆಂಡಿನ ತಡ ಮಾತ್ರ. ಲಿನಕ್ಸ್‌ನ ಸದ್ದಿನ ವ್ಯವಸ್ಥೆಯಾದ ಆಲ್ಸಾದಲ್ಲಿ ಅದನ್ನು ಪೀರಿಯಡ್‌ಗಳ (ಸಾಲಾಗಿ ಕಾಯುವ ಇಂಥ ತುಣುಕುಗಳ) ಸಂಖ್ಯೆಯಿಂದ ಗುಣಿಸಿದರೆ ಇನ್ನೂ ಹೆಚ್ಚು. ಬೆರಳು ಒಂದು ಕಡೆ, ಸದ್ದು ಒಂದು ಕಡೆ ಆಗಿ ಎರಡನೆಯ ಕಾಯಿಲೆ ಅಂಟಿಕೊಳ್ಳುತ್ತದೆ. ಮೊದಲು 256ಕ್ಕೆ ಹಿಂತಿರುಗಿ.

ನಿಜವಾಗಿ ಆಗುತ್ತಿರುವುದು ವಾಯ್ಸ್ ಸ್ಟೀಲಿಂಗ್, ಅಂದರೆ ಹೊಸ ನೋಟಿಗಾಗಿ ಹಳೆಯದರ ವಾಯ್ಸ್ ಕಸಿದುಕೊಳ್ಳುವುದು. ವಾಯ್ಸ್ ಎಂದರೆ ಒಂದು ಸ್ಯಾಂಪಲ್ (ವಾದ್ಯದ ಧ್ವನಿಮುದ್ರಿತ ತುಣುಕು) ನುಡಿಸಲು ಸಿಂಥ್ ಕೊಡುವ ಒಂದು ಜಾಗ. ಕೂರಲು ಇರುವ ಜಾಗ ಇಷ್ಟೇ ಎಂದಾದ ಮೇಲೆ ಹೊಸಬರು ಬಂದರೆ ಕೂತವರಲ್ಲಿ ಯಾರನ್ನಾದರೂ ಎಬ್ಬಿಸಲೇಬೇಕು. ಫ್ಲೂಯಿಡ್‌ಸಿಂಥ್‌ನಲ್ಲಿ ಈ ಜಾಗ ಎಷ್ಟು ಎಂದು ಹೇಳುವ ಸಿಂಥ್ ಪಾಲಿಫೋನಿ (synth.polyphony) ಎಂಬ ಸೆಟ್ಟಿಂಗ್‌ನ ಡೀಫಾಲ್ಟ್ 256. ಬೆರಳು ಹತ್ತೇ ಇರುವಾಗ 256 ಧಾರಾಳ ಅನ್ನಿಸುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಅದು ನೋಟ್‌ಗಳ ಸಂಖ್ಯೆಯಲ್ಲ, ವಾಯ್ಸ್‌ಗಳ ಸಂಖ್ಯೆ. ಸ್ಟೀರಿಯೋ ಪಿಯಾನೋ ಸೌಂಡ್‌ಫಾಂಟಿನಲ್ಲಿ (ಸ್ಯಾಂಪಲ್‌ಗಳನ್ನು ತುಂಬಿಟ್ಟ ಫೈಲು) ಎಡಕ್ಕೊಂದು ಬಲಕ್ಕೊಂದು ಸ್ಯಾಂಪಲ್ ಇರುವುದರಿಂದ ಒಂದು ಕೀ ಒತ್ತಿದರೆ ಎರಡು ವಾಯ್ಸ್ ಹೋಯಿತು. ಮೃದು ಮತ್ತು ಜೋರು ಪದರಗಳು ಒಂದರ ಮೇಲೊಂದು ಬರುವ ಫಾಂಟಾದರೆ ನಾಲ್ಕು. ಮೇಲೆ ಸ್ಟ್ರಿಂಗ್ಸ್ ಎರಡು ಸೇರಿಸಿ, ಕೀಗೆ ಆರು. 256ನ್ನು ಆರರಿಂದ ಭಾಗಿಸಿದರೆ 42 ಕೀಗಳು.

ಈಗ ಪೆಡಲ್ ಒತ್ತಿಹಿಡಿಯಿರಿ. ಕೀಯಿಂದ ಬೆರಳು ತೆಗೆದರೂ ವಾಯ್ಸ್ ಬಿಡುಗಡೆಯಾಗುವುದಿಲ್ಲ. ಎರಡೂ ಕೈ ಸೇರಿ ಸೆಕೆಂಡಿಗೆ ಎಂಟು ಬೇರೆ ಬೇರೆ ನೋಟ್ ನುಡಿಸಿದರೆ ಐದು ಸೆಕೆಂಡು ಚಿಲ್ಲರೆಯಲ್ಲಿ 42 ತುಂಬಿಬಿಡುತ್ತದೆ. ಪೆಡಲ್ ಬಿಟ್ಟ ಮೇಲೂ ಸ್ಟ್ರಿಂಗ್ಸ್‌ನ ರಿಲೀಸ್ (ಬಿಟ್ಟ ಮೇಲೆ ಸದ್ದು ಆರುವ ಹೊತ್ತು) ಎರಡು ಮೂರು ಸೆಕೆಂಡು ಎಳೆಯುವಂತಿದ್ದರೆ ಆ ವಾಯ್ಸ್‌ಗಳೂ ಅಷ್ಟು ಹೊತ್ತು ಖಾಲಿಯಾಗುವುದಿಲ್ಲ. ತುಂಬಿದಾಗ ಯಾವುದನ್ನು ಕೊಲ್ಲಬೇಕು ಅನ್ನುವುದಕ್ಕೂ ಲೆಕ್ಕವಿದೆ: ಬಿಡುಗಡೆಯಾಗಿ ಕ್ಷೀಣಿಸುತ್ತಿರುವವು ಮೊದಲು, ಆಮೇಲೆ ಪೆಡಲ್ ಮೇಲೆ ನಿಂತವು, ಅವುಗಳಲ್ಲೂ ಹಳೆಯದಕ್ಕೆ ಮತ್ತು ಸಣ್ಣ ಸದ್ದಿನದಕ್ಕೆ ಅಪಾಯ ಹೆಚ್ಚು. ಡ್ರಮ್ಸ್‌ಗೆ ವಿಶೇಷ ರಕ್ಷಣೆ ಇದೆ. ಎಡಗೈ ಒಮ್ಮೆ ಬೇಸ್ ನೋಟ್ ಹೊಡೆದು ಪೆಡಲಿಗೆ ಒಪ್ಪಿಸಿ, ಬಲಗೈ ಮೇಲಿನ ಸ್ವರಗಳಲ್ಲಿ ಆರ್ಪೆಜಿಯೋ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ನುಡಿಸುವುದು) ಓಡಿಸುವಾಗ ಇಡೀ ಹಾಡಿಗೆ ನೆಲವಾಗಿದ್ದ ಆ ಬೇಸ್ ಕಳಚಿಕೊಳ್ಳುವುದು ಇದರಿಂದಲೇ. ಅದು ಎಲ್ಲಕ್ಕಿಂತ ಹಳೆಯದು.

ನಂಬಬೇಡಿ, ಪರೀಕ್ಷಿಸಿ. ಫ್ಲೂಯಿಡ್‌ಸಿಂಥ್‌ನ ಶೆಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಜಾಗ) ಸೆಟ್ (set) ಆಜ್ಞೆ ಬಳಸಿ ಪಾಲಿಫೋನಿಯನ್ನು ಬೇಕೆಂದೇ 16ಕ್ಕೆ ಇಳಿಸಿ ಅದೇ ತುಣುಕನ್ನು ನುಡಿಸಿ. ತೊಂದರೆ ಅದೇ ರೂಪದಲ್ಲಿ, ಇನ್ನೂ ಬೇಗ ಬಂದರೆ ರೋಗ ಪತ್ತೆಯಾಯಿತು. ಆಮೇಲೆ 512 ಮಾಡಿ. ಫ್ಲೂಯಿಡ್‌ಸಿಂಥನ್ನು ಕಿಟಕಿ-ಗುಂಡಿಗಳಿಂದ ನಡೆಸುವ ಕ್ಯೂಸಿಂಥ್ ಬಳಸುವವರಾದರೆ ಸೆಟಪ್‌ನ ಆಡಿಯೋ ಟ್ಯಾಬಿನಲ್ಲೇ ಪಾಲಿಫೋನಿ ಸಿಗುತ್ತದೆ. ಟರ್ಮಿನಲ್‌ನಲ್ಲಿ ರಿಂಗ್‌ಬಫರ್ ತುಂಬಿದೆ, ಪಾಲಿಫೋನಿ ಹೆಚ್ಚಿಸಿ ಎಂಬ ಅರ್ಥದ ಎಚ್ಚರಿಕೆ ಬಂದಿದೆಯೇ ನೋಡಿ. ಅದನ್ನು ಬಫರ್ ಎಂಬ ಪದ ಕಂಡ ಕೂಡಲೇ ಆಡಿಯೋ ಬಫರ್ ಅಂದುಕೊಳ್ಳಬೇಡಿ, ಅದು ಸಿಂಥ್‌ನ ಒಳಗಿನ ಬೇರೆಯದೇ ಸರತಿ.

512ಕ್ಕೆ ಏರಿಸಿದ ಮೇಲೆ ಚಟಚಟ ಶುರುವಾದರೆ ಈಗ ಪ್ರೊಸೆಸರ್ ಸೋಲುತ್ತಿದೆ ಎಂದರ್ಥ. ಒಟ್ಟು ಬಳಕೆ ಶೇ. 13 ಮಾತ್ರ ತೋರಿಸುತ್ತಿದೆ ಎಂದು ಸಮಾಧಾನಪಡಬೇಡಿ, ಎಂಟು ಕೋರಿನ ಯಂತ್ರದಲ್ಲಿ ಒಂದು ಕೋರ್ ಪೂರ್ತಿ ಉಸಿರುಗಟ್ಟಿದರೂ ಒಟ್ಟು ಲೆಕ್ಕದಲ್ಲಿ ಅದು ಶೇ. 12.5 ಅಷ್ಟೇ. ಫ್ಲೂಯಿಡ್‌ಸಿಂಥ್ ಡೀಫಾಲ್ಟ್ ಆಗಿ ಒಂದೇ ಕೋರ್ ಬಳಸುತ್ತದೆ, ಸಿಪಿಯು ಕೋರ್ಸ್ (synth.cpu-cores) ಸೆಟ್ಟಿಂಗನ್ನು 2 ಅಥವಾ 4 ಮಾಡಿ. ಸದ್ದಿಗೆ ಮೆರುಗು ಕೊಡುವ ರಿವರ್ಬ್, ಕೋರಸ್ ನಿಲ್ಲಿಸಿ. ಇಂಟರ್‌ಪೊಲೇಶನ್ನನ್ನು (ಸ್ಯಾಂಪಲ್ಲನ್ನು ಬೇರೆ ಸ್ವರಕ್ಕೆ ಎಳೆಯುವಾಗ ನಡುವಿನ ಬೆಲೆಗಳನ್ನು ಲೆಕ್ಕಹಾಕುವ ನಯ) 4ರಿಂದ 1ಕ್ಕೆ ಇಳಿಸಿ. ಮೇಲಿನ ಸ್ವರಗಳಲ್ಲಿ ಸ್ವಲ್ಪ ಒರಟುತನ ಬರುತ್ತದೆ, ಸ್ಟ್ರಿಂಗ್ಸ್‌ನಲ್ಲಿ ಗೊತ್ತೇ ಆಗುವುದಿಲ್ಲ. ಲಿನಕ್ಸ್ ಆದರೆ ನಿಮ್ಮ ಯೂಸರ್ ಆಡಿಯೋ ಗುಂಪಿನಲ್ಲಿದೆಯೇ, ಆ ಗುಂಪಿಗೆ ರಿಯಲ್‌ಟೈಮ್ ಆದ್ಯತೆ ಕೊಟ್ಟಿದೆಯೇ, ಪ್ರೊಸೆಸರಿನ ವೇಗ ನಿರ್ಧರಿಸುವ ಸಿಪಿಯು ಗವರ್ನರ್ ಪರ್ಫಾರ್ಮೆನ್ಸ್‌ನಲ್ಲಿದೆಯೇ ನೋಡಿ. ಇದರ ಬದಲು ಸ್ಟ್ರಿಂಗ್ಸ್‌ಗೆ ಮೋನೋ ಸ್ಯಾಂಪಲ್ ಇರುವ ಹಗುರ ಪ್ಯಾಚ್ ಹಾಕಿಕೊಳ್ಳುವುದು ನನ್ನ ಪ್ರಕಾರ ಇನ್ನೂ ಒಳ್ಳೆಯದು. ಪಿಯಾನೋದ ಹಿಂದೆ ಕೂರುವ ಸ್ಟ್ರಿಂಗ್ಸ್‌ಗೆ ಸ್ಟೀರಿಯೋ ಬೇಕಿಲ್ಲ.

ಪಾಲಿಫೋನಿ ಬದಲಿಸಿದರೂ ಫಲವಿಲ್ಲ, ನೋಟ್ ಮಧ್ಯೆ ಕಡಿಯುವುದಲ್ಲ, ಹುಟ್ಟುವುದೇ ಇಲ್ಲ ಎಂದಾದರೆ ಸಿಂಥನ್ನು ಬಿಟ್ಟು ಅದಕ್ಕಿಂತ ಮುಂಚಿನದನ್ನು, ಅಂದರೆ ಕೀಬೋರ್ಡು ಸಿಂಥ್‌ಗೆ ಕಳಿಸುವ ಮಿಡಿ (MIDI) ಸಂದೇಶಗಳನ್ನು ನೋಡಿ. ಲಿನಕ್ಸ್‌ನಲ್ಲಿ ಎಸೆಕ್‌ಡಂಪ್ (aseqdump), ವಿಂಡೋಸ್‌ನಲ್ಲಿ ಮಿಡಿ-ಆಕ್ಸ್ (MIDI-OX), ಮ್ಯಾಕ್‌ನಲ್ಲಿ ಮಿಡಿ ಮಾನಿಟರ್ ತೆರೆದಿಟ್ಟು ನುಡಿಸಿ. ಕೇಳದ ನೋಟಿನ ನೋಟ್ ಆನ್ (ಕೀ ಒತ್ತಿದ ಸಂದೇಶ) ಸಾಲು ಅಲ್ಲಿ ಇಲ್ಲದಿದ್ದರೆ ಕೀಬೋರ್ಡ್, ಕೇಬಲ್ ಅಥವಾ ಇಂಟರ್‌ಫೇಸ್ ತಪ್ಪಿತಸ್ಥ. ಹಳೆಯ ಐದು ಪಿನ್ನಿನ ಮಿಡಿ ಕೇಬಲ್ ಸೆಕೆಂಡಿಗೆ 31,250 ಬಿಟ್ ಮಾತ್ರ ಸಾಗಿಸುತ್ತದೆ, ಒಂದು ನೋಟಿಗೆ ಸುಮಾರು 1 ಮಿಲಿಸೆಕೆಂಡು. ಕೀಬೋರ್ಡ್ ಆಫ್ಟರ್‌ಟಚ್ (ಕೀ ಒತ್ತಿದ ಮೇಲಿನ ಒತ್ತಡದ ಸಂದೇಶಗಳು) ಸುರಿಸುತ್ತಿದ್ದರೆ ಆ ದಾರಿ ಕಟ್ಟಿಕೊಳ್ಳುತ್ತದೆ, ಅದನ್ನು ಆಫ್ ಮಾಡಿ. ಸಾಲು ಇದೆ, ಸದ್ದಿಲ್ಲ ಎಂದರೆ ಸೌಂಡ್‌ಫಾಂಟಿನಲ್ಲಿ ಆ ಕೀಗೋ ಆ ವೆಲಾಸಿಟಿಗೋ (ಕೀ ಹೊಡೆದ ಜೋರು) ಸ್ಯಾಂಪಲ್ ಹಂಚಿಲ್ಲದಿರಬಹುದು.

ಅದೇ ಪರದೆಯಲ್ಲಿ ಪೆಡಲಿನ ಸಂದೇಶವಾದ ಕಂಟ್ರೋಲರ್ 64ರ ಮೇಲೂ ಕಣ್ಣಿಡಿ, ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಪೆಡಲ್ ಒತ್ತದೆ ಇದ್ದಾಗ 0 ಬರಬೇಕು. 64 ಅಥವಾ ಹೆಚ್ಚು ಎಂದರೆ ಸಿಂಥ್‌ಗೆ ಪೆಡಲ್ ಒತ್ತಿದ ಹಾಗೆಯೇ. ಅನೇಕ ಕೀಬೋರ್ಡ್‌ಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಯಾವ ಸ್ಥಿತಿಯಲ್ಲಿದೆಯೋ ಅದನ್ನೇ ಬಿಟ್ಟ ಸ್ಥಿತಿ ಎಂದು ಓದಿಕೊಳ್ಳುತ್ತವೆ. ಆಗ ಪೆಡಲ್ ಮೇಲೆ ಕಾಲಿದ್ದರೆ ಎಲ್ಲ ತಲೆಕೆಳಗಾಗಿ, ನೀವು ಕಾಲು ತೆಗೆದಾಗಲೆಲ್ಲ ವಾಯ್ಸ್‌ಗಳು ಗುಡ್ಡೆ ಬೀಳುತ್ತವೆ. ಕಾಲು ತೆಗೆದು ಕೀಬೋರ್ಡ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ.

ಕೈಯಿಂದ ನುಡಿಸುವಾಗ ಸರಿಯಿದ್ದು ಸೀಕ್ವೆನ್ಸರಿನಿಂದ (ಬರೆದಿಟ್ಟ ನೋಟ್‌ಗಳನ್ನು ತಾನೇ ನುಡಿಸುವ ತಂತ್ರಾಂಶ) ಮಾತ್ರ ಬಿಟ್ಟುಹೋಗುತ್ತಿದ್ದರೆ, ಒಂದೇ ಚಾನೆಲ್‌ನಲ್ಲಿ ಒಂದೇ ಸ್ವರದ ಎರಡು ನೋಟ್ ಒಂದರ ಬಾಲಕ್ಕೆ ಇನ್ನೊಂದು ತಾಗಿವೆಯೇ ಹುಡುಕಿ. ಮೊದಲನೆಯದರ ನೋಟ್ ಆಫ್ (ಕೀ ಬಿಟ್ಟ ಸಂದೇಶ), ಎರಡನೆಯದರ ನೋಟ್ ಆನ್ ಆದಮೇಲೆ ಬಂದರೆ ಎರಡನೆಯದು ಅಲ್ಲೇ ಸಾಯುತ್ತದೆ. ಮೊದಲ ನೋಟನ್ನು ಕೆಲವು ಟಿಕ್ (ಸೀಕ್ವೆನ್ಸರಿನ ಅತಿ ಸಣ್ಣ ಕಾಲದ ಅಳತೆ) ಚಿಕ್ಕದು ಮಾಡಿ, ಇಲ್ಲವೇ ನಿಮ್ಮ ಸೀಕ್ವೆನ್ಸರಿನಲ್ಲಿ ಓವರ್‌ಲ್ಯಾಪ್ ತೆಗೆಯುವ ಆಯ್ಕೆ ಇದ್ದರೆ ಅದನ್ನು ಬಳಸಿ. ಡ್ರಮ್ಸ್‌ನ 10ನೇ ಚಾನೆಲ್‌ನಲ್ಲಿ 42ನೇ ನೋಟಿನ ಮುಚ್ಚಿದ ಹೈ-ಹ್ಯಾಟ್ (ಜೋಡಿ ತಾಳ) ಬಾರಿಸಿದಾಗ 46ರ ಓಪನ್ ಹೈ-ಹ್ಯಾಟ್ ನಿಂತುಹೋಗುವುದು ಮಾತ್ರ ದೋಷವಲ್ಲ. ಅದನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ, ಮುಟ್ಟಬೇಡಿ.